ಗದಿಗೆಪ್ಪನ ಫೋನಿನ ತೂಕ

ಇಲ್ಲಿ ಬರೆಯುತ್ತಿರುವುದು ನಲವತ್ತೆಂಟು ದಿನಗಳಲ್ಲಿ ನಡೆದದ್ದು. ಮೊದಲನೆಯ ದಿನ, ಸೋಮವಾರ, ಫೋನು ನನಗೆ ಸಿಕ್ಕಿತು. ಮೂರನೆಯ ದಿನ ಅದನ್ನು ಹುಡುಕಿಕೊಂಡು ಬಾಳವ್ವ ಬಂದರು. ಮೂವತ್ತೊಂದನೆಯ ದಿನದಿಂದ ಮೂವತ್ತನಾಲ್ಕನೆಯ ದಿನದವರೆಗೆ ಅವರು ಬರಲಿಲ್ಲ. ಮೂವತ್ತೆಂಟನೆಯ ದಿನ ನನ್ನ ತಪ್ಪು ನನಗೆ ತಿಳಿಯಿತು. ನಲವತ್ತೇಳನೆಯ ದಿನ ಅದನ್ನು ಅವರಿಗೆ ಹೇಳಿದೆ. ನಲವತ್ತೆಂಟನೆಯ ದಿನ ಫೋನು ಹಿಂದಿರುಗಿತು. ಮೂವತ್ತೆಂಟಕ್ಕೂ ನಲವತ್ತೇಳಕ್ಕೂ ನಡುವೆ ಒಂಬತ್ತು ದಿನಗಳ ಅಂತರವಿದೆ. ಈ ಒಂಬತ್ತು ದಿನಗಳಿಗೆ ನನ್ನ ಬಳಿ ಕಾರಣವಿಲ್ಲ.

ನಾನು ಬಿ.ಎಸ್ಸಿ. ಪದವೀಧರ, ಭೌತಶಾಸ್ತ್ರ ನನ್ನ ಮುಖ್ಯ ವಿಷಯವಾಗಿತ್ತು. ಎರಡು ವರ್ಷದಿಂದ ನಮ್ಮೂರಿನ ಕಳೆದ ವಸ್ತುಗಳ ಕಚೇರಿಯಲ್ಲಿ ತೂಕದ ಗುಮಾಸ್ತನಾಗಿದ್ದೇನೆ. ಜನ ಇದನ್ನು ತಕ್ಕಡಿ ಆಫೀಸು ಎನ್ನುತ್ತಾರೆ. ನಮ್ಮೂರಿನಲ್ಲಿ ಕಳೆದುಹೋದ ವಸ್ತುವಿನ ತೂಕ ದಿನದಿಂದ ದಿನಕ್ಕೆ ಏರುತ್ತದೆ. ಕಳೆದುಕೊಂಡವರು ಅದನ್ನು ನೆನೆಯುತ್ತಿರುವವರೆಗೆ ಏರುತ್ತದೆ, ಅವರ ಕೈ ಸೋಕಿದೊಡನೆ ಮೊದಲಿನ ತೂಕಕ್ಕೆ ಇಳಿಯುತ್ತದೆ. ಅವರು ಮರೆತರೆ, ಇಲ್ಲವೆ ತೀರಿಕೊಂಡರೆ, ಏರುವುದು ನಿಂತುಹೋಗುತ್ತದೆ. ಒಂದು ವಸ್ತುವಿಗೆ ಒಂದೇ ಕೈ. ಏರಿಸುವವರೂ ಇಳಿಸುವವರೂ ಒಬ್ಬರೇ.

ಇದಕ್ಕೆ ತಕ್ಕಂತೆ ಊರು ತನ್ನನ್ನು ಹೊಂದಿಸಿಕೊಂಡಿದೆ. ಅಂಗಿಯ ಜೇಬುಗಳಿಗೆ ಗುಂಡಿ ಹಚ್ಚದ ದರ್ಜಿ ಇಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ. ದಾರಿಯಲ್ಲಿ ಬಿದ್ದ ಬಳೆಯನ್ನು ಎತ್ತುವ ಮುನ್ನ ಹೆಂಗಸರು ಸೆರಗು ಸಿಕ್ಕಿಸಿ, ಕಾಲು ಅಗಲಿಸಿ ನಿಲ್ಲುತ್ತಾರೆ. ಶಾಲೆಯ ಮಕ್ಕಳ ರಬ್ಬರು ಎರಡು ಗ್ರಾಮಿಗಿಂತ ಹೆಚ್ಚು ಏರಿದ್ದನ್ನು ನಾನು ಕಂಡಿಲ್ಲ, ಮಕ್ಕಳು ಸಂಜೆಗೆ ಮರೆಯುತ್ತಾರೆ. ಮದುವೆಯ ಮೂಗುತಿಯೊಂದು ನಮ್ಮ ಎರಡನೆಯ ಕಪಾಟಿನ ಹಲಗೆಯನ್ನು ಮುರಿದಿತ್ತು. ತೂಕ ಏರಿದ ಯಂತ್ರ ನಡೆಯುವುದಿಲ್ಲ. ಗಡಿಯಾರ ನಿಲ್ಲುತ್ತದೆ, ಫೋನು ಬೆಳಗುವುದಿಲ್ಲ. ಕಚೇರಿಯ ಅಂಗಳದಲ್ಲಿ ಯಾರದೋ ಅಡಕೊತ್ತು ಹಿಡಿಯವರೆಗೆ ಮಣ್ಣಿನಲ್ಲಿ ಹುಗಿದು ನಿಂತಿದೆ. ನಾಲ್ವರು ಸೇರಿದರೂ ಅದನ್ನು ಎತ್ತಲಾಗದು. ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ ಅದರ ತೂಕ ನಿಂತಿತು ಎಂದು ರಿಜಿಸ್ಟರ್ ಹೇಳುತ್ತದೆ.

ಪೊಲೀಸರ ಒಂದು ರೂಢಿಯನ್ನೂ ಇಲ್ಲಿ ಹೇಳಬೇಕು. ಯಾರಾದರೂ ಕಾಣೆಯಾದರೆ ಅವರು ಮೊದಲು ನಮ್ಮ ಕಚೇರಿಗೆ ಬರುತ್ತಾರೆ. ಆ ಮನುಷ್ಯನ ಯಾವುದಾದರೂ ವಸ್ತು ನಮ್ಮಲ್ಲಿದ್ದು ಅದರ ತೂಕ ಏರುತ್ತಿದ್ದರೆ, ಮನುಷ್ಯ ಜೀವಂತವಿದ್ದಾನೆ ಎಂದು ಬರೆದುಕೊಂಡು ಹೋಗುತ್ತಾರೆ. ಆಮೇಲೆ ಹುಡುಕುವುದಿಲ್ಲ. ಬಾವಿಗೆ ಪಾತಾಳಗರಡಿ ಇಳಿಸುವುದಿಲ್ಲ, ಪರವೂರಿಗೆ ಫೋಟೋ ಕಳಿಸುವುದಿಲ್ಲ. ಜೀವಂತ ಇದ್ದವನು ತಾನೇ ಬರುತ್ತಾನೆ ಎಂಬುದು ಲೆಕ್ಕ. ಕಚೇರಿ ತೆರೆದ ನಲವತ್ತೊಂದು ವರ್ಷಗಳಲ್ಲಿ ಈ ಲೆಕ್ಕ ತಪ್ಪಿದ ದಾಖಲೆ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಾನು ಒಂದು ಬದಲಾವಣೆ ಮಾಡಿದ್ದೆ. ಅದಕ್ಕೂ ಮುಂಚೆ, ವಸ್ತು ಸಿಕ್ಕಿದೆ ಎಂಬ ಸುದ್ದಿ ಹೋದರೆ ಮನೆಮಂದಿಯೆಲ್ಲ ಬರುತ್ತಿದ್ದರು. ಅತ್ತೆ, ಸೊಸೆ, ಮೊಮ್ಮಕ್ಕಳು ಎಲ್ಲರೂ ಅದನ್ನು ಮುಟ್ಟಿ, ಎತ್ತಲು ನೋಡಿ, ಅತ್ತು, ನಕ್ಕು ಹೋಗುತ್ತಿದ್ದರು. ಬೆವರು, ಎಣ್ಣೆ, ಕುಂಕುಮ ಮೆತ್ತಿಕೊಂಡ ವಸ್ತುವಿನಿಂದ ಶುದ್ಧ ಅಳತೆ ಸಿಗುವುದಿಲ್ಲ. ಆದ್ದರಿಂದ ನಾನು ಒಂದು ಫಲಕ ಬರೆಸಿ ಕಟಕಟೆಯ ಮೇಲೆ ನಿಲ್ಲಿಸಿದೆ: “ದಾಖಲಾದ ಒಡೆಯರ ಹೊರತು ಯಾರೂ ವಸ್ತುವನ್ನು ಮುಟ್ಟಬಾರದು.” ನಮ್ಮ ಹಿರಿಯ ಗುಮಾಸ್ತ ಯಮನೂರಪ್ಪನವರು ಅದನ್ನು ಎರಡು ಸಲ ಓದಿ, “ಏ ಬಿಎಸ್ಸಿ, ಇದು ಆಫೀಸೋ ಆಸ್ಪತ್ರೆಯೋ?” ಎಂದಿದ್ದರು.

ಮೊದಲನೆಯ ದಿನ ಬೆಳಿಗ್ಗೆ ಎಂಟೂ ನಲವತ್ತಕ್ಕೆ, ಊರಿನ ಮೂಡಣ ತುದಿಯ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಆ ಫೋನು ಇತ್ತು. ನಾನು ದಿನವೂ ಬಸ್ಸು ಹತ್ತುವುದು ಅಲ್ಲಿಯೇ. ತಂಗುದಾಣದ ಮುಂದೆ ಪರವೂರಿಗೆ ಹೋಗುವ ರಸ್ತೆ, ಹಿಂದೆ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಖಣಿಯಲ್ಲಿ ಹದಿನೆಂಟು ಅಡಿ ನೀರಿದೆ. ಫೋನು ಕಪ್ಪು ಬಣ್ಣದ್ದು, ಗಾಜಿನ ಎಡ ಮೂಲೆಯಲ್ಲಿ ಬಿರುಕು. ಕಚೇರಿಗೆ ಬಂದು ತೂಗಿದೆ. ನೂರ ಎಪ್ಪತ್ತನಾಲ್ಕು ಗ್ರಾಂ. ಈ ಮಾದರಿಯ ತೂಕ ನೂರ ಎಪ್ಪತ್ತೊಂದು ಗ್ರಾಂ ಎಂದು ತಯಾರಕರ ಪಟ್ಟಿಯಲ್ಲಿದೆ. ಮೂರು ಗ್ರಾಂ ಏರಿತ್ತು, ಅಂದರೆ ಕಳೆದು ಕೆಲವೇ ಗಂಟೆಗಳಾಗಿದ್ದವು. ಎರಡನೆಯ ದಿನ ಇನ್ನೂರ ಇಪ್ಪತ್ತೊಂದು. ಮೂರನೆಯ ದಿನ ಇನ್ನೂರ ಎಪ್ಪತ್ತು.

ಮೂರನೆಯ ದಿನ ಬಂದ ಬಾಳವ್ವ ನಲವತ್ತರ ಆಸುಪಾಸಿನ ಹೆಂಗಸು. ಗಾಣಿಗೇರ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾರೆ. ಜೊತೆಯಲ್ಲಿ ಹವಾಲ್ದಾರ ದಸ್ತಗೀರಸಾಬರು ಇದ್ದರು. ಬಾಳವ್ವನ ತಮ್ಮ ಗದಿಗೆಪ್ಪ, ಇಪ್ಪತ್ತನಾಲ್ಕು ವರ್ಷ, ಮನೆಗಳಿಗೆ ವಾಯರಿಂಗ್ ಮಾಡುವವನು, ಸೋಮವಾರ ನಸುಕಿನಲ್ಲಿ ಮನೆಯಿಂದ ಹೋದವನು ಬಂದಿರಲಿಲ್ಲ. ತಾಯಿತಂದೆ ಇಲ್ಲದ ಅವನನ್ನು ಎಂಟು ವರ್ಷದವನಿದ್ದಾಗಿನಿಂದ ಬಾಳವ್ವನೇ ಬೆಳೆಸಿದ್ದರು.

“ಹೋಗೂಕಿಂತ ಮೊದ್ಲ ನಾಕ ದಿನ ಮಾತ ಬಿಟ್ಟಿದ್ದರಿ. ಉಣ್ಣಾಕ ಕರದ್ರ ಬರ್ತಿದ್ದ, ಗಂಗಾಳ ಮುಂದ ಇಟಗೊಂಡು ಕುಂಡರ್ತಿದ್ದ. ಏನಾಗೇತಿ ಅಂದ್ರ, ಏನಿಲ್ಲಕ್ಕಾ ಅಂತಿದ್ದ” ಎಂದರು.

ಮೇಜಿನ ಮೇಲಿದ್ದ ಫೋನನ್ನು ನೋಡಿದೊಡನೆ “ಇದ ರೀ!” ಎಂದು ಕೈ ಚಾಚಿದರು. ನಾನು ಅಡ್ಡ ಕೈ ಹಿಡಿದು ಫಲಕವನ್ನು ತೋರಿಸಿದೆ. ಅವರಿಗೆ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. “ಚೊಲೋ ಆತ ಬಿಡ್ರಿ, ನನ್ನ ಕೈ ಹಿಟ್ಟಿನ ಕೈ” ಎಂದರು.

ಅವರು ತಂದಿದ್ದ ಅಂಗಡಿಯ ರಸೀದಿ ಗದಿಗೆಪ್ಪನ ಹೆಸರಿನಲ್ಲಿತ್ತು. ನಮ್ಮ ನಮೂನೆಯ ನಾಲ್ಕನೆಯ ಕಲಮು ‘ವಸ್ತು ಯಾರ ಕೈಯಲ್ಲಿರುತ್ತಿತ್ತು’ ಎಂಬುದು. ಅದನ್ನು ಬಾಯಿಬಿಟ್ಟು ಕೇಳಿ ಬರೆಯಬೇಕು. ನಾನು ಕೇಳಲಿಲ್ಲ, ರಸೀದಿಯ ಹೆಸರನ್ನೇ ಎತ್ತಿ ಬರೆದೆ. ಬರವಣಿಗೆಯ ದಾಖಲೆ ಇರುವಾಗ ಬಾಯಿಮಾತಿನ ಅಗತ್ಯವಿಲ್ಲ ಎಂಬುದು ಆಗ ನನ್ನ ನಂಬಿಕೆಯಾಗಿತ್ತು.

ದಸ್ತಗೀರಸಾಬರು ಮೂರು ದಿನದ ಅಂಕಿಗಳನ್ನು ನೋಡಿದರು. “ಏರಾಕತ್ತೈತಲ್ಲ! ಬಾಳವ್ವಾ, ನಿನ್ನ ತಮ್ಮ ಗಟ್ಟಿ ಅದಾನ. ಎಲ್ಲೋ ಕುಂತು ಫೋನ್ ನೆನಸಾಕತ್ಯಾನ. ನಮ್ಮ ಹುಡುಗರು ಊರು ನೆನಸೂದಿಲ್ಲ, ಹೆತ್ತವರನ್ನ ನೆನಸೂದಿಲ್ಲ, ಫೋನ್ ಮಾತ್ರ ನೆನಸ್ತಾವು.”

ಬಾಳವ್ವ ನಕ್ಕರು. ಮೂರು ದಿನದಲ್ಲಿ ಅದೇ ಮೊದಲ ನಗೆಯಿರಬೇಕು, ತುಟಿ ಒಡೆದು ರಕ್ತ ಬಂತು. ಹವಾಲ್ದಾರರು ‘ಜೀವಂತ’ ಎಂದು ಬರೆದುಕೊಂಡು ಹೋದರು.

ಅಂದಿನಿಂದ ಅವರು ದಿನವೂ ನಾಲ್ಕು ಗಂಟೆಗೆ, ರೊಟ್ಟಿ ಮುಗಿಸಿಕೊಂಡು ಬರುತ್ತಿದ್ದರು. ನಾನು ಬೆಳಿಗ್ಗೆ ಹತ್ತಕ್ಕೆ ತೂಗಿ ಬರೆದಿಟ್ಟ ಅಂಕಿಯನ್ನು ಹೇಳುತ್ತಿದ್ದೆ. ಭಾನುವಾರವೂ ಕಚೇರಿಯ ಬೀಗ ತೆಗೆದು ತೂಗುತ್ತಿದ್ದೆ, ತೂಕಕ್ಕೆ ರಜೆಯಿಲ್ಲ.

“ಎಷ್ಟಾತ್ರಿ ಸರ ಇವತ್ತ?”

“ನಿನ್ನೆಗಿಂತ ಐವತ್ತೆರಡು ಗ್ರಾಂ ಹೆಚ್ಚಿಗಿ ಐತ್ರಿ ಅಕ್ಕಾರ.”

“ಐವತ್ತೆರಡು ಅಂದ್ರ?”

ಮೊದಲ ದಿನಗಳಲ್ಲಿ ಅವರಿಗೆ ಗ್ರಾಂ ಕೈಗೆ ಹತ್ತುತ್ತಿರಲಿಲ್ಲ. ಒಂದು ದಿನ ಅವರು ಸೆರಗಿನ ತುದಿಯಲ್ಲಿ ಹಿಟ್ಟು ಕಟ್ಟಿಕೊಂಡು ಬಂದರು. ಅದನ್ನು ತೂಗಿ ತೋರಿಸಿದೆ. ಅವರ ಕೈಯ ಒಂದು ರೊಟ್ಟಿಗೆ ಅರವತ್ತು ಗ್ರಾಂ ಹಿಟ್ಟು ಬೇಕಾಗುತ್ತಿತ್ತು. “ಹಂಗಾದ್ರ ದಿನಕ್ಕ ಒಂದು ರೊಟ್ಟಿಗೆ ಸ್ವಲ್ಪ ಕಮ್ಮಿ” ಎಂದು ಲೆಕ್ಕ ಹಾಕಿದರು. “ಇಷ್ಟ ನೆನಸ್ತಾನಂದ್ರ ಹಸದಾನ ಬಿಡ್ರಿ.” ಆಮೇಲೆ ನಾನು ಅಂಕಿ ಹೇಳಿದರೆ ಸಾಕು, ಅವರು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಅರವತ್ತೆರಡು ಏರಿದ ದಿನ “ಇವತ್ತ ಪೂರ್ತಿ ಒಂದ ರೊಟ್ಟಿ” ಎಂದು ಯಮನೂರಪ್ಪನವರಿಗೂ ಹೇಳಿ ಹೋದರು.

ಇಪ್ಪತ್ತೆರಡನೆಯ ದಿನ ಅವರು ಸಿಟ್ಟಿನಲ್ಲಿದ್ದರು. ಗದಿಗೆಪ್ಪನ ಜೊತೆ ಕೆಲಸ ಮಾಡುವ ಮೂವರು ಹಗ್ಗ, ಕೊಕ್ಕೆ ತೆಗೆದುಕೊಂಡು ಮನೆಗೆ ಬಂದಿದ್ದರಂತೆ. ಖಣಿಗೆ ಇಳಿದು ಒಮ್ಮೆ ನೋಡುತ್ತೇವೆ, ನಿಮ್ಮ ಒಪ್ಪಿಗೆ ಬೇಕು ಎಂದರಂತೆ.

“ಮಕಕ್ಕ ಉಗುಳಿ ಕಳಸಿದ್ನಿ ನೋಡ್ರಿ. ಜೀವಂತ ಇದ್ದಾಂವನ್ನ ಯಾರರ ನೀರಾಗ ಹುಡುಕ್ತಾರೇನ್ರಿ? ತಕ್ಕಡಿ ಆಫೀಸಿಗೆ ಹೋಗಿ ಕೇಳ್ರಿ, ಅಲ್ಲಿ ಸರ ಅದಾರ, ಕಲತಾವ್ರು ಅದಾರ ಅಂದ್ನಿ. ಸರಿ ಹೇಳಿದ್ನಿಲ್ರಿ?”

ಸರಿಯಾಗಿ ಹೇಳಿದಿರಿ ಎಂದು ನಾನು ಹೇಳಿದೆ. ಅಂದಿನ ತೂಕ ಸಾವಿರದ ಇನ್ನೂರ ಹದಿನಾರು ಗ್ರಾಂ.

ಮೂವತ್ತನೆಯ ದಿನದ ತೂಕ ಸಾವಿರದ ಆರುನೂರ ಹದಿನೆಂಟು. ಮೂವತ್ತೊಂದನೆಯ ದಿನ ಸಾವಿರದ ಆರುನೂರ ನಲವತ್ತೊಂದು, ಏರಿದ್ದು ಇಪ್ಪತ್ತಮೂರು ಮಾತ್ರ. ಬಾಳವ್ವ ಆ ದಿನ ಬರಲಿಲ್ಲ. ಮೂವತ್ತೆರಡನೆಯ ದಿನ ಸಾವಿರದ ಆರುನೂರ ನಲವತ್ತೊಂದು. ಮೂವತ್ತಮೂರನೆಯ ದಿನವೂ ಅಷ್ಟೇ. ನಾನು ಪ್ರಮಾಣದ ಕಲ್ಲುಗಳನ್ನಿಟ್ಟು ತಕ್ಕಡಿಯನ್ನು ಪರೀಕ್ಷಿಸಿದೆ. ತಕ್ಕಡಿ ಸರಿಯಾಗಿತ್ತು. ಬೇರೊಂದು ತಕ್ಕಡಿಯಲ್ಲಿ ತೂಗಿದೆ. ಅದೇ ಅಂಕಿ ಬಂತು. ಬಾಳವ್ವ ಆ ದಿನವೂ ಬರದಿದ್ದುದರಿಂದ ಅವರಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಲು ಸಮಯ ಸಿಕ್ಕಿತು. “ಅಕ್ಕಾರ, ತೂಕ ನಿಂತೈತಿ” ಎಂಬುದಷ್ಟೇ ವಾಕ್ಯ. ಅದನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಯಾವ ರೀತಿಯಲ್ಲಿ ಹೇಳಿದರೂ ಅದು ಅಷ್ಟೇ ಆಗಿತ್ತು.

ಮೂವತ್ತನಾಲ್ಕನೆಯ ದಿನ ತೂಕ ಸಾವಿರದ ಆರುನೂರ ಎಂಬತ್ತಾರಾಗಿತ್ತು. ನಲವತ್ತೈದು ಗ್ರಾಂ ಏರಿತ್ತು.

ನಿಂತ ತೂಕ ಮತ್ತೆ ಏರುವುದು ನಮ್ಮೂರಿನಲ್ಲಿ ಆಗದ ಮಾತು. ನಾನು ಹಳೆಯ ರಿಜಿಸ್ಟರುಗಳನ್ನು ಇಳಿಸಿ ಎಣಿಸಿದೆ. ನಲವತ್ತೊಂದು ವರ್ಷಗಳಲ್ಲಿ ಆರುನೂರ ಹನ್ನೆರಡು ವಸ್ತುಗಳ ತೂಕ ನಿಂತಿತ್ತು, ಅವುಗಳಲ್ಲಿ ಒಂದೂ ಮತ್ತೆ ಏರಿರಲಿಲ್ಲ.

ಮೂವತ್ತೈದನೆಯ ದಿನ ಬಾಳವ್ವ ಗೋಡೆ ಹಿಡಿದುಕೊಂಡು ಬಂದರು. ಕೈಯ ಹಿಂಬದಿಯಲ್ಲಿ ಸಲಾಯಿನ್ ಚುಚ್ಚಿದ ಕಡೆ ಪಟ್ಟಿ ಅಂಟಿಸಿತ್ತು. “ಜ್ವರ ಬಂದು ಬಿದ್ದಿದ್ನಿರಿ. ಮಂಗಳಾರ ಸಂಜಿಯಿಂದ ಶುಕ್ರಾರ ಮಧ್ಯಾಹ್ನದ ತನಕ ಖಬರ ಇರಲಿಲ್ಲಂತ. ಕಣ್ಣ ತೆರದಾಕಿನ ಮೊದ್ಲ ಕೇಳಿದ್ದು, ತೂಕ ಎಷ್ಟಾತು ಅಂತ. ನರ್ಸಬಾಯಿ ಹೇಳತಾಳ, ನಲವತ್ತೊಂಬತ್ತು ಕಿಲೋ, ಭಾಳ ಸೊರಗೀ ಅಂತ!” ಅವರು ಬೆಂಚಿನ ಮೇಲೆ ಕುಳಿತು ಉಸಿರು ತೆಗೆದುಕೊಂಡರು. “ನನ್ನದಲ್ಲವಾ, ನನ್ನ ತಮ್ಮನ ಫೋನಿಂದು ಅಂದ್ನಿ. ಆಕಿ ಜ್ವರ ತಲಿಗೇರೇತಿ ಅಂತ ಮತ್ತೊಂದು ಸೂಜಿ ಮಾಡಿದ್ಳು.”

ನಾನು ಅಂಕಿ ಹೇಳಿದೆ. ನಡುವೆ ತೂಕ ನಿಂತಿತ್ತು ಎಂಬುದನ್ನು ಹೇಳಲಿಲ್ಲ. ಅದು ಮತ್ತೆ ಏರಿದ್ದರಿಂದ ಹೇಳುವ ಅಗತ್ಯ ಕಾಣಲಿಲ್ಲ. ಅವರ ಮಾತಿನಲ್ಲಿದ್ದ ಮಂಗಳವಾರ ಸಂಜೆಯನ್ನೂ ಶುಕ್ರವಾರ ಮಧ್ಯಾಹ್ನವನ್ನೂ ನಾನು ಕೇಳಿಸಿಕೊಂಡೆ, ನನ್ನ ರಿಜಿಸ್ಟರಿನ ಪಕ್ಕದಲ್ಲಿ ಇಡಲಿಲ್ಲ.

ಮೂವತ್ತೆಂಟನೆಯ ದಿನ, ಇನ್ನೂ ಹಳೆಯ ರಿಜಿಸ್ಟರುಗಳನ್ನು ತಿರುವುತ್ತಿದ್ದ ನನ್ನನ್ನು ಕಂಡು ಯಮನೂರಪ್ಪನವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ ಬಂದರು.

“ಅಲ್ಲೋ ಬಿಎಸ್ಸಿ, ತಕ್ಕಡಿ ಸುಳ್ಳ ಹೇಳೂದಿಲ್ಲ. ನೀ ಬರಕೊಂಡ ಹೆಸರು ಸುಳ್ಳ ಹೇಳತಿರಬೇಕು. ಪೋಸ್ಟ್ ಮಾಸ್ತರನ ಛತ್ರಿ ಕಥಿ ಕೇಳೀಯೇನು?”

ಕೇಳಿಲ್ಲ ಎಂದೆ.

“ನೀ ಬರೂಕಿಂತ ಮೊದ್ಲಿನ ಮಾತು. ಮಾಸ್ತರನ ಛತ್ರಿ ಕಳದು ಎಂಟ ತಿಂಗಳಿಗೆ ಸಿಕ್ತು. ಹದಿನಾರು ಕಿಲೋ ಆಗಿತ್ತು. ಆಂವ ಬಂದ, ನಂದ ಛತ್ರಿ ಅಂತ ಹಿಡಕೊಂಡ, ಎತ್ತಿದ, ಮಕ ಕೆಂಪಗಾತು, ಧೋತರ ಸಡ್ಲಾತು, ಛತ್ರಿ ಅಳ್ಳಾಡಲಿಲ್ಲ. ಬಾಜೂಕ ಅವರ ಅತ್ತಿ ಕುಂತಿದ್ಳು, ಎಂಬತ್ತು ವರ್ಷದ ಮುದುಕಿ. ‘ಇಲ್ಲಿ ತಾರಪ್ಪಾ’ ಅಂದಾಕಿನ ಎರಡ ಬೆರಳಿಲೆ ಎತ್ತಿ ಬಗಲಾಗ ಇಟಗೊಂಡು ನಡದ್ಳು. ಹಿಡಕೊಂಡು ತಿರಗತಿದ್ದಾಂವ ಅವ, ನೆನಸಿದಾಕಿ ಆಕಿ! ಅವತ್ತಿನಿಂದ ಮಾಸ್ತರ ಮಳ್ಯಾಗ ತೊಯ್ಸಿಕೊಂಡ ಬರ್ತಾನ.”

ಅವರು ಬಹಳ ಹೊತ್ತು ನಕ್ಕರು. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಮೂವತ್ತನೆಯ ದಿನದಿಂದ ಮೂವತ್ತನಾಲ್ಕನೆಯ ದಿನದವರೆಗಿನ ತೂಕಗಳನ್ನು ಒಂದು ಸಾಲಿನಲ್ಲಿ, ಬಾಳವ್ವನ ಜ್ವರದ ಗಂಟೆಗಳನ್ನು ಅದರ ಕೆಳಗಿನ ಸಾಲಿನಲ್ಲಿ ಬರೆದೆ. ಅವರಿಗೆ ಎಚ್ಚರ ತಪ್ಪಿದ್ದು ಮಂಗಳವಾರ ಸಂಜೆ, ಆ ದಿನದ ಏರಿಕೆ ಅರ್ಧಕ್ಕೆ ನಿಂತಿತ್ತು. ಅವರು ಕಣ್ಣು ತೆರೆದದ್ದು ಶುಕ್ರವಾರ ಮಧ್ಯಾಹ್ನ, ಶನಿವಾರ ಬೆಳಗಿನ ಹೊತ್ತಿಗೆ ನಲವತ್ತೈದು ಗ್ರಾಂ ಏರಿತ್ತು. ಫೋನನ್ನು ಬೆಳಕಿಗೆ ಹಿಡಿದು, ಚಾರ್ಜಿನ ತೂತನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಳಗೆ ಬಿಳಿಯ ಪುಡಿ ಪದರು ಪದರಾಗಿ ಗಟ್ಟಿಯಾಗಿತ್ತು. ಸೂಜಿಯಿಂದ ಸ್ವಲ್ಪ ತೆಗೆದು ನಾಲಿಗೆಗೆ ಹಚ್ಚಿದೆ. ಜೋಳದ ಹಿಟ್ಟು. ಅದು ಒಂದೆರಡು ದಿನದಲ್ಲಿ ಕೂಡುವ ಹಿಟ್ಟಲ್ಲ.

ಆ ದಿನ ನಾಲ್ಕು ಗಂಟೆಗೆ ಬಾಳವ್ವ ಬಂದರು. “ಎಷ್ಟಾತ್ರಿ ಸರ?” ಎಂದರು. ನಾನು ಅಂಕಿಯನ್ನು ಹೇಳಿದೆ. ಮರುದಿನವೂ ಹೇಳಿದೆ. ಹೇಳಿದ ಅಂಕಿಗಳಲ್ಲಿ ಒಂದೂ ತಪ್ಪಾಗಿರಲಿಲ್ಲ. ಆ ಅಂಕಿಗಳ ಮೇಲೆ ಪೊಲೀಸರು ಹುಡುಕಾಟವನ್ನು ನಿಲ್ಲಿಸಿದ್ದರು, ಮೂವರು ಗೆಳೆಯರು ಹಗ್ಗವನ್ನು ಸುತ್ತಿಟ್ಟಿದ್ದರು, ಬಾಳವ್ವ ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿದು, ಉಂಡು, ಮಲಗುತ್ತಿದ್ದರು. ಗದಿಗೆಪ್ಪ ಎಲ್ಲಿಯಾದರೂ ಜೀವಂತವಿದ್ದು ಯಾರ ಸಹಾಯಕ್ಕಾದರೂ ಕಾದಿದ್ದರೆ, ಅವನನ್ನು ಯಾರೂ ಹುಡುಕುತ್ತಿರಲಿಲ್ಲ. ಇಲ್ಲವಾಗಿದ್ದರೂ ಯಾರೂ ಹುಡುಕುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ನಾಲ್ಕು ಗಂಟೆಯಾದಾಗ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು, ನಾನು ಅಂಕಿ ಹೇಳುತ್ತಿದ್ದೆ.

ನಲವತ್ತೇಳನೆಯ ದಿನ, ಶುಕ್ರವಾರ, ಬಸ್ ತಂಗುದಾಣದ ಗೋಡೆಗೆ ನಗರಸಭೆಯ ಪ್ರಕಟಣೆಯನ್ನು ಅಂಟಿಸಿದ್ದರು. ಹಳೆಯ ಖಣಿಯನ್ನು ಸೋಮವಾರದಿಂದ ಮಣ್ಣು ಹಾಗೂ ಒಡೆದ ಕಟ್ಟಡಗಳ ರಾಶಿಯಿಂದ ಮುಚ್ಚಲಾಗುವುದು, ಪೊಲೀಸರ ಆಕ್ಷೇಪಣೆ ಇಲ್ಲ ಎಂದು ಅದರಲ್ಲಿತ್ತು. ನಾನು ಅದನ್ನು ಎರಡು ಸಲ ಓದಿದೆ. ಬಸ್ಸು ಬಂದು ಹೋಯಿತು.

ಅಂದು ಬಾಳವ್ವ ಬಂದಾಗ ನಾನು ಅಂಕಿಯನ್ನು ಹೇಳಲಿಲ್ಲ. ನಮೂನೆಯನ್ನು ಮುಂದಿಟ್ಟುಕೊಂಡು ನಾಲ್ಕನೆಯ ಕಲಮಿನ ಪ್ರಶ್ನೆಯನ್ನು ಕೇಳಿದೆ.

“ಅಕ್ಕಾರ, ಈ ಫೋನ್ ಮನ್ಯಾಗ ಯಾರ ಕೈಯಾಗ ಇರ್ತಿತ್ತು?”

“ಅವನ್ದರಿ.”

“ಅದು ರಸೀದಿ ಮಾತು. ನಾ ಕೇಳಿದ್ದು ಕೈ.”

ಅವರು ಬೆಂಚಿನ ಮೇಲೆ ಕುಳಿತರು. “ನನ್ನ ಕೈಯಾಗರಿ. ರೊಟ್ಟಿ ಎಷ್ಟ ಬೇಕಂತ ಖಾನಾವಳಿಯಿಂದ ಫೋನ್ ಬರ್ತಾವಲ್ರಿ. ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟಿರ್ತಿದ್ನಿ. ಅಂಗಡ್ಯಾಗ ಕಾರ್ಡ್ ಕೇಳಿದ್ರು, ನನ್ನ ಕಾರ್ಡಿನ್ಯಾಗ ಹೆಸರ ತಪ್ಪಿತ್ತು, ಅವನ ಹೆಸರಲೆ ತಗೊಂಡಿದ್ವಿ. ಅವಂಗ ಬ್ಯಾರೆ ಇತ್ತು, ನೀರಾಗ ಬಿದ್ದು ಕೆಟ್ಟಿತ್ತು. ಅವತ್ತ ನಸುಕಿನ್ಯಾಗ ‘ಅಕ್ಕಾ, ಇದನ್ನ ಒಯ್ತೀನಿ’ ಅಂದ. ಒಯ್ಯಿ ಅಂದ್ನಿ. ರೊಟ್ಟಿ ಬಡಿಯಾಕತ್ತಿದ್ನಿ, ತಿರಗಿ ನೋಡಲಿಲ್ಲ. ಯಾಕ ಕೇಳ್ತೀರಿ?”

ನಾನು ಎರಡು ಸಾಲುಗಳ ಹಾಳೆಯನ್ನು ತೆಗೆದು, ಒಂದೊಂದು ದಿನದ ಮೇಲೆ ಬೆರಳಿಟ್ಟು, ಅವರ ಜ್ವರವನ್ನೂ ತೂಕವನ್ನೂ ಹೇಳಿದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

“ಹಂಗಾದ್ರ ಏರಸಾಕತ್ತಿದಾಕಿ ನಾನೇನು?”

“ಗೊತ್ತಿಲ್ರಿ. ನೀವು ಮುಟ್ಟಿದ್ರ ಗೊತ್ತಾಗ್ತೈತಿ.”

“ಮುಟ್ಟಬ್ಯಾಡ ಅಂದಾವ್ರು ನೀವ.”

“ಹೌದ್ರಿ.”

“ಮೊದಲನೆ ದಿನಾನ ನಾ ಕೈ ಮುಂದ ಮಾಡಿದ್ನಿ.”

“ಹೌದ್ರಿ.”

“ನಿಮಗ ಎಂದ ತಿಳೀತು ಇದು?”

“ಒಂಬತ್ತ ದಿನ ಆತ್ರಿ.”

ಅವರು ಬೆರಳು ಮಡಚಿ ಹಿಂದಕ್ಕೆ ಎಣಿಸಿದರು. ಒಂಬತ್ತು ಮುಗಿಯುವವರೆಗೂ ಎಣಿಸಿದರು. ಆಮೇಲೆ, “ಒಂಬತ್ತ ದಿನ ನನ್ನ ಮಕಾ ನೋಡಿ ಲೆಕ್ಕ ಹೇಳೀರಿ” ಎಂದರು. ಖಣಿಯ ಪ್ರಕಟಣೆಯನ್ನೂ ತಿಳಿಸಿದೆ. ಅವರು ಎದ್ದು ಹೋದರು.

ನಾನು ಠಾಣೆಗೆ ಹೋದೆ. ದಸ್ತಗೀರಸಾಬರು ಹಾಳೆಯನ್ನು ಬಹಳ ಹೊತ್ತು ನೋಡಿದರು. “ನೀವ ಬರದೀರಿ, ನಾವ ನಂಬೀವಿ. ಈಗ ಬರದಿದ್ದು ಹೌದೋ ಅಲ್ಲೋ ಅಂದ್ರ ನಾ ಸಾಹೇಬ್ರಿಗೆ ಏನ ಹೇಳಲಿ? ಜ್ವರದ ಕಥಿ ಹೇಳಿದ್ರ ಖಣಿ ಕೆಲಸ ನಿಲ್ಲಸಂಗಿಲ್ಲ. ಆಕಿ ನನ್ನ ಮುಂದ ಮುಟ್ಟಬೇಕು. ತೂಕ ಇಳೀತಂದ್ರ ನಾಳೆನ ಖಣಿಗೆ ಮಂದಿ ಇಳಸ್ತೀನಿ, ಪರವೂರಿಗೆ ಫೋಟೋನೂ ಕಳಸ್ತೀನಿ. ಇಳೀಲಿಲ್ಲಂದ್ರ ಆಂವ ಅದಾನ, ಬರ್ತಾನ.” ಬಾಗಿಲವರೆಗೆ ನನ್ನ ಜೊತೆ ಬಂದು, ತಗ್ಗಿದ ದನಿಯಲ್ಲಿ, “ಆಕಿ ಬರ್ತಾಳಂತ ಅನಸ್ತೈತೇನ್ರಿ ನಿಮಗ? ನಾನಾಗಿದ್ರ ಬರ್ತಿದ್ದಿಲ್ಲ” ಎಂದರು.

ನಲವತ್ತೆಂಟನೆಯ ದಿನ, ಶನಿವಾರ, ಹತ್ತು ಗಂಟೆಗೆ ತೂಗಿದೆ. ಎರಡು ಸಾವಿರದ ನಾನೂರ ಹದಿನಾರು ಗ್ರಾಂ. ಹತ್ತೂವರೆಗೆ ದಸ್ತಗೀರಸಾಬರು ಬಂದು ಟೋಪಿ ತೆಗೆದು ಕುಳಿತರು. ಯಮನೂರಪ್ಪನವರು ಆ ದಿನ ಎಲೆಯಡಿಕೆ ಹಾಕಿಕೊಂಡಿರಲಿಲ್ಲ. ಅವರು ಕಟಕಟೆಯ ಮೇಲಿದ್ದ ನನ್ನ ಫಲಕವನ್ನು ತೆಗೆದು, ಮುಖ ಗೋಡೆಯ ಕಡೆಗಿರುವಂತೆ ನೆಲಕ್ಕೆ ಇಟ್ಟರು. ನಾನು ಬೇಡವೆನ್ನಲಿಲ್ಲ.

ಹನ್ನೊಂದಾಗಿ ಐದು ನಿಮಿಷಕ್ಕೆ ಬಾಳವ್ವ ಬಂದರು. ರೊಟ್ಟಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಂತಿತ್ತು, ಮೊಣಕೈವರೆಗೆ ಹಿಟ್ಟು ಒಣಗಿತ್ತು.

“ಕುಂಡರವಾ” ಎಂದರು ದಸ್ತಗೀರಸಾಬರು.

“ಕುಂತು ಮಾಡೂದಲ್ಲರಿ ಇದು.” ಅವರು ನನ್ನ ಕಡೆ ತಿರುಗಿದರು. “ಬರಬಾರದು ಅಂತನ ಮಾಡಿದ್ನಿ. ಮುಟ್ಟದಿದ್ರ ದಿನಾ ಒಂದ ರೊಟ್ಟಿಯಷ್ಟು ಏರ್ತಿತ್ತು, ನಾ ಸಾಯೂ ತನಕ ಬಂದು ಕೇಳಿಕೊಂಡು ಹೋಗ್ತಿದ್ನಿ. ನೀವರ ಹೇಳ್ತಿದ್ರಿ. ಖರೆ, ಆಂವ ಆ ನೀರಾಗ ಇದ್ರ, ಅವನ ಮ್ಯಾಲ ಮಂದಿ ಮನಿ ಒಡದ ಕಲ್ಲ ಹಾಕ್ತಾರಲ್ಲರಿ.”

ಅವರು ಕೈ ತೊಳೆಯಲು ನೀರು ಕೇಳಿದರು. ಯಮನೂರಪ್ಪನವರು ತಂಬಿಗೆಯಿಂದ ಹಿತ್ತಲ ಬಾಗಿಲಲ್ಲಿ ನೀರು ಹನಿಸಿದರು. “ಸಾವಕಾಶ ತೊಳಕೋ ತಂಗಿ” ಎಂದರು. ಬಾಳವ್ವ ಉಗುರಿನ ಸಂದಿಗಳನ್ನೂ ಬಿಡದೆ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಮೇಜಿನ ಮುಂದೆ ಬಂದು ನಿಂತರು.

“ಸರ, ಇಳೀತೈತೋ ಇಲ್ಲೋ? ನಿಮಗೇನ ಅನಸ್ತೈತಿ?”

“ತೂಗೂಕಿಂತ ಮೊದ್ಲ ನಾ ಏನೂ ಹೇಳೂದಿಲ್ರಿ ಅಕ್ಕಾರ.”

“ಇವತ್ತರ ಸುಳ್ಳ ಹೇಳ್ರಿ.”

ನಾನು ಫೋನನ್ನು ಮೇಜಿನ ಮೇಲೆ ಅವರ ಮುಂದೆ ಸರಿಸಿದೆ. ಅವರು ಎರಡೂವರೆ ಕಿಲೋ ಎತ್ತುವವರಂತೆ ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ಎರಡೂ ಅಂಗೈಗಳನ್ನು ಫೋನಿನ ಎರಡು ಬದಿಗೆ ಒತ್ತಿ, ಕಣ್ಣು ಮುಚ್ಚಿ ಬಲ ಹಾಕಿ ಎತ್ತಿದರು. ಹಾಕಿದ ಬಲಕ್ಕೆ ಎದುರಾಗಿ ಭಾರವಿರಲಿಲ್ಲ. ಕೈಗಳು ತಾವಾಗಿ ಮೇಲಕ್ಕೆ ಹಾರಿ ಎದೆಗೆ ಬಡಿದವು, ಅವರು ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದರು. ದಸ್ತಗೀರಸಾಬರು ಎದ್ದು ಟೋಪಿ ಹಾಕಿಕೊಂಡರು, ಹೊರಗೆ ಹೋಗಿ ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದರು. ಯಮನೂರಪ್ಪನವರು ಹಿತ್ತಲ ಬಾಗಿಲಿನತ್ತ ಮುಖ ತಿರುಗಿಸಿದರು. ಬಾಳವ್ವ ಮಾತ್ರ ಅಲುಗಲಿಲ್ಲ, ಅಳಲಿಲ್ಲ. ಫೋನನ್ನು ಎದೆಯ ಹತ್ತಿರವೇ ಹಿಡಿದುಕೊಂಡು ನಿಂತಿದ್ದರು.

ಅಳತೆ ಇಲ್ಲದೆ ದಾಖಲೆ ಮುಗಿಯುವುದಿಲ್ಲ. ಅದನ್ನು ಒಂದು ಸಲ ತಕ್ಕಡಿಯ ಮೇಲೆ ಇಡಿ ಎಂದು ನಾನು ಕೇಳಿದೆ. ಎರಡನೆಯ ಸಲ ಕೇಳಿದ ಮೇಲೆ ಅವರು ಇಟ್ಟರು. ಮುಳ್ಳು ನಿಲ್ಲುವವರೆಗೆ ಕಾದೆ. ನಾಲ್ಕನೆಯ ಕಲಮಿನಲ್ಲಿದ್ದ ಹೆಸರನ್ನು ಹೊಡೆದುಹಾಕಿ, ಬಾಳವ್ವ ಎಂದು ಬರೆದು, ಕೆಳಗೆ ಸಹಿ ಮಾಡಿದೆ.

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಫೋನಿನ ತೂಕ ನೂರ ಎಪ್ಪತ್ತೊಂದು ಗ್ರಾಂ. ವಸ್ತು ಕಳೆದುಕೊಂಡವರ ಕೈ ಸೇರಿದೆ.